ಕತ್ತಿನ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯ ನಂತರ ತಂದೆಯವರಿಗೆ ನುಂಗಲು ಕಷ್ಟವಾಗುತ್ತಿದೆ: ಇನ್ನೆಷ್ಟು ಕಾಲ ಕಾಯಬಹುದು?

ಪ್ರಶ್ನೆ: ಹಾಸನ ಜಿಲ್ಲೆಯಿಂದ ಒಬ್ಬ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 66 ವರ್ಷ. ತೋಟ, ಗದ್ದೆ ಎರಡನ್ನೂ ಇಷ್ಟು ಕಾಲ ತಾವೇ ನೋಡಿಕೊಂಡು ಬಂದವರು. ಕಳೆದ ವರ್ಷದಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಬೆರಳುಗಳು ಬಾರದಂತಾಗಿ, ಬದುವಿನ ಮೇಲೆ ನಡೆಯುವಾಗ ಹೆಜ್ಜೆ ತಪ್ಪತೊಡಗಿದ್ದರಿಂದ ಎಂಆರ್‌ಐ ಮಾಡಿಸಿದೆವು. ಕತ್ತಿನ ಭಾಗದಲ್ಲಿ ಸಿ-4ರಿಂದ ಸಿ-7ರವರೆಗೆ (ಕತ್ತಿನ ನಾಲ್ಕನೆಯ ಮೂಳೆಯಿಂದ ಏಳನೆಯದರವರೆಗೆ) ಡಿಸ್ಕುಗಳು, ಅಂದರೆ ಮೂಳೆಗಳ ನಡುವಿನ ಮೆತ್ತೆಗಳು, ಹಿಂದಕ್ಕೆ ಚಾಚಿ ಬೆನ್ನುಹುರಿಯನ್ನು ಒತ್ತುತ್ತಿವೆ ಎಂದು ಗೊತ್ತಾಯಿತು. ಕತ್ತಿನ ಮುಂಭಾಗದಿಂದ ಶಸ್ತ್ರಚಿಕಿತ್ಸೆ ಮಾಡಿ, ಮೂರು ಡಿಸ್ಕುಗಳನ್ನು ತೆಗೆದು, ಅವುಗಳ ಜಾಗದಲ್ಲಿ ಕೇಜ್ (ಮೂಳೆಗಳು ಬೆಸೆದುಕೊಳ್ಳುವವರೆಗೆ ನಡುವೆ ಆಸರೆಯಾಗಿರುವ ಚಿಕ್ಕ ಚೌಕಟ್ಟು) ಇಟ್ಟು, ಮುಂದೆ ಪ್ಲೇಟ್ ಮತ್ತು ಸ್ಕ್ರೂ ಹಾಕಿದ್ದಾರೆ. ಕೈಗಳ ಜೋಮು ಬಹಳಷ್ಟು ಇಳಿದಿದೆ, ನಡಿಗೆಯೂ ಸುಧಾರಿಸಿದೆ. ಆ ವಿಷಯದಲ್ಲಿ ನಮಗೆ ಸಮಾಧಾನವಿದೆ.

ತೊಂದರೆ ಇರುವುದು ನುಂಗುವುದರಲ್ಲಿ. ಮೊದಲ ವಾರ ಗಂಜಿಯ ಹೊರತು ಏನೂ ಇಳಿಯುತ್ತಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ ಈಗ ಒಂದೂವರೆ ತಿಂಗಳು ಕಳೆದಿದ್ದು, ಮೆತ್ತಗೆ ಕಲಸಿದ ಮೊಸರನ್ನ ಹೇಗೋ ಹೋಗುತ್ತದೆ. ಆದರೆ ಜೀವಮಾನವೆಲ್ಲ ಎರಡು ಹೊತ್ತು ಮುದ್ದೆ ಉಂಡವರು ಈಗ ಒಂದು ತುತ್ತು ಮುದ್ದೆಯನ್ನೂ ಇಳಿಸಲಾರರು. ಮಾತ್ರೆ ಗಂಟಲಲ್ಲಿ ನಿಂತುಬಿಡುತ್ತದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತದೆ. ಧ್ವನಿ ಸ್ವಲ್ಪ ಒಡೆದಂತಿದೆ. ಮರುಭೇಟಿಯಲ್ಲಿ ಎಕ್ಸ್‌ರೇ ನೋಡಿದ ವೈದ್ಯರು ಎಲ್ಲವೂ ಸರಿಯಾಗಿದೆ, ನುಂಗುವುದು ತಾನಾಗಿಯೇ ಸರಿಹೋಗುತ್ತದೆ ಎಂದರು. ಕಾಯಲು ನಾವು ಸಿದ್ಧರಿದ್ದೇವೆ, ಆದರೆ ಎಷ್ಟು ಕಾಲ ಮತ್ತು ಏನನ್ನು ಗಮನಿಸುತ್ತಾ ಕಾಯಬೇಕು ಎಂಬುದು ತಿಳಿಯುತ್ತಿಲ್ಲ. ಅಲ್ಲಿಯವರೆಗೆ ಏನು ತಿನ್ನಿಸಬೇಕು? ಆ ಪ್ಲೇಟನ್ನೇ ತೆಗೆಸಬೇಕಾಗಿ ಬರುತ್ತದೆಯೇ? ಊರಿನಲ್ಲಿ ಕೆಲವರು ಕತ್ತಿಗೆ ಬಿಸಿ ಎಣ್ಣೆ ನೀವಿ ಎನ್ನುತ್ತಿದ್ದಾರೆ, ಅದಕ್ಕೆ ನನಗೆ ಧೈರ್ಯ ಬರುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಹುಬ್ಬಳ್ಳಿಯಿಂದ, ಇದೇ ಶಸ್ತ್ರಚಿಕಿತ್ಸೆಯಾದ ಒಬ್ಬ ನಿವೃತ್ತ ಶಿಕ್ಷಕಿ

ತಂಗಿ, ನನಗೂ ಕತ್ತಿನ ಮುಂಭಾಗದಿಂದಲೇ ಎರಡು ಡಿಸ್ಕುಗಳ ಶಸ್ತ್ರಚಿಕಿತ್ಸೆಯಾಗಿದೆ. ಮೊದಲ ರಾತ್ರಿ ನನ್ನ ಉಗುಳನ್ನು ನುಂಗುವುದೇ ಕಷ್ಟವಾಗಿತ್ತು, ಗಂಟಲಿನ ಹಿಂಭಾಗದಲ್ಲಿ ಏನೋ ಅಡ್ಡ ನಿಂತಿದೆ ಎಂಬ ಭಾವನೆ ಬಹಳ ದಿನ ಉಳಿಯಿತು. ನನಗೆ ಎಲ್ಲಕ್ಕಿಂತ ಕೊನೆಗೆ ಮರಳಿ ಸಾಧ್ಯವಾದದ್ದು ಜೋಳದ ರೊಟ್ಟಿ. ಅದನ್ನೂ ಮೊದಮೊದಲು ಬೇಳೆಯಲ್ಲಿ ಪೂರ್ತಿ ನೆನೆಸಿಯೇ ತಿನ್ನುತ್ತಿದ್ದೆ.

ವೈದ್ಯಕೀಯ ವಿಷಯಗಳನ್ನು ತಿಳಿದವರು ಹೇಳುತ್ತಾರೆ. ನಾನು ಹೇಳಬೇಕೆಂದಿರುವುದು ಉಣ್ಣುವವರ ಮನಸ್ಸಿನ ಬಗ್ಗೆ. ಒಂದೆರಡು ಬಾರಿ ನೆತ್ತಿಗೆ ಹತ್ತಿ ಉಸಿರು ಕಟ್ಟಿದಂತಾದ ಮೇಲೆ ತಟ್ಟೆಯ ಮುಂದೆ ಕೂರುವುದೆಂದರೇ ಭಯವಾಗುತ್ತದೆ, ನಾಲ್ಕು ಜನರ ಎದುರು ಕೆಮ್ಮಬೇಕಲ್ಲ ಎಂಬ ಸಂಕೋಚದಿಂದ ಅರ್ಧ ಹೊಟ್ಟೆಗೇ ಸಾಕು ಎಂದು ಎದ್ದುಬಿಡುತ್ತೇವೆ. ತಂದೆಯವರು ಹಸಿವಿಲ್ಲ ಎಂದರೆ ಅದು ನಿಜವಾಗಿಯೂ ಹಸಿವಿಲ್ಲದ್ದೋ ಅಥವಾ ಭಯವೋ ಎಂದು ಮೆಲ್ಲಗೆ ವಿಚಾರಿಸಿ. ಊಟದ ಹೊತ್ತಿನಲ್ಲಿ ಟಿವಿ ಬೇಡ, ಅವರು ತುತ್ತನ್ನು ಬಾಯಲ್ಲಿ ಇಟ್ಟುಕೊಂಡಿರುವಾಗ ಉತ್ತರ ಕೊಡಬೇಕಾದ ಪ್ರಶ್ನೆಗಳೂ ಬೇಡ. ಮೂರು ದೊಡ್ಡ ಊಟಗಳ ಬದಲು ಸ್ವಲ್ಪ ಸ್ವಲ್ಪವಾಗಿ ಆರು ಬಾರಿ ಕೊಟ್ಟರೆ ದಣಿವು ಕಡಿಮೆ. ನುಂಗುವುದಕ್ಕೂ ದಣಿವಾಗುತ್ತದೆ ಎಂಬುದು ಅದನ್ನು ಅನುಭವಿಸದವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ.

ಉತ್ತರ: ನರಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು, ಬೆಂಗಳೂರು

ರೋಗಿಯನ್ನು ನೋಡದೆ ನಿರ್ದಿಷ್ಟ ಸಲಹೆ ಕೊಡಲಾಗದು. ಆದರೆ ಈ ತೊಂದರೆ ಏಕೆ ಬರುತ್ತದೆ, ಯಾವಾಗ ಅದನ್ನು ಸಹಜವೆಂದು ಬಿಡಬಾರದು ಎಂಬುದನ್ನು ವಿವರಿಸಬಹುದು.

ಕತ್ತಿನ ಮುಂಭಾಗದಿಂದ ಕಶೇರುಗಳನ್ನು (ಬೆನ್ನುಮೂಳೆಯ ಬಿಡಿ ಮೂಳೆಗಳನ್ನು) ತಲುಪುವ ಈ ದಾರಿಯನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ರಾಬಿನ್ಸನ್ ಮತ್ತು ಸ್ಮಿತ್ 1955ರಲ್ಲಿ ವಿವರಿಸಿದರು, ಇಂದಿಗೂ ನಾವು ಬಹುಮಟ್ಟಿಗೆ ಅದೇ ದಾರಿಯಲ್ಲಿ ಹೋಗುತ್ತೇವೆ. ಬೆನ್ನುಹುರಿಯನ್ನು ಅಲುಗಿಸದೆ, ಕತ್ತಿನ ಹಿಂಭಾಗದ ದಪ್ಪ ಸ್ನಾಯುಗಳನ್ನು ಬಿಡಿಸದೆ ಡಿಸ್ಕನ್ನು ತಲುಪಬಹುದೆಂಬುದು ಇದರ ದೊಡ್ಡ ಅನುಕೂಲ. ಆದರೆ ಆ ದಾರಿ ಹಾದುಹೋಗುವುದು ಹೊರಬದಿಯ ಕ್ಯಾರೊಟಿಡ್ ಧಮನಿಗೂ (ತಲೆಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ) ಒಳಬದಿಯ ಶ್ವಾಸನಾಳ ಮತ್ತು ಅನ್ನನಾಳಗಳಿಗೂ ನಡುವಿನ ಸಂದಿಯಲ್ಲಿ. ಅನ್ನನಾಳವು ಬೆನ್ನುಮೂಳೆಗೆ ಅಂಟಿಕೊಂಡಂತೆಯೇ ಮುಂದೆ ಇಳಿಯುವುದರಿಂದ, ಕೆಲಸ ಮುಗಿಯುವವರೆಗೆ ಅದನ್ನು ರಿಟ್ರಾಕ್ಟರ್ ಎಂಬ ಹಿಡಿಕೆಯ ಉಪಕರಣದಿಂದ ಪಕ್ಕಕ್ಕೆ ಸರಿಸಿ ಹಿಡಿಯಲೇಬೇಕು. ಮೂರು ಡಿಸ್ಕುಗಳ ಶಸ್ತ್ರಚಿಕಿತ್ಸೆಯಲ್ಲಿ ಹೀಗೆ ಹಿಡಿಯುವ ಅವಧಿಯೂ ಸರಿಸುವ ಉದ್ದವೂ ಹೆಚ್ಚು. ಇದರಿಂದ ಮೂಳೆಯ ಮುಂದಿನ ಮೃದು ಅಂಗಾಂಶ ಊದಿಕೊಳ್ಳುತ್ತದೆ. ಈ ಊತ ಎರಡು ಮೂರನೆಯ ದಿನಕ್ಕೆ ಗರಿಷ್ಠವಾಗಿ ನಂತರ ವಾರಗಳ ಕಾಲ ನಿಧಾನವಾಗಿ ಇಳಿಯುತ್ತದೆ. ಇದಲ್ಲದೆ ಧ್ವನಿಪೆಟ್ಟಿಗೆಯ ಸ್ನಾಯುಗಳನ್ನು ನಡೆಸುವ ರಿಕರೆಂಟ್ ಲಾರಿಂಜಿಯಲ್ ನರ ಶ್ವಾಸನಾಳ ಮತ್ತು ಅನ್ನನಾಳಗಳ ನಡುವಿನ ತೋಡಿನಲ್ಲೇ ಮೇಲೇರುತ್ತದೆ, ಅದು ಎಳೆತಕ್ಕೋ ಒತ್ತಡಕ್ಕೋ ಸಿಕ್ಕರೆ ಧ್ವನಿ ಒಡೆಯುತ್ತದೆ. ನಿಮ್ಮ ತಂದೆಯವರ ಧ್ವನಿ ಬದಲಾಗಿದೆ ಎಂಬುದನ್ನು ನಾನು ಇದೇ ಕಾರಣಕ್ಕೆ ಮುಖ್ಯವಾಗಿ ಗಮನಿಸುತ್ತೇನೆ.

ಕಾಲಾವಧಿಯ ಬಗ್ಗೆ ಕೇಳಿದ್ದೀರಿ. ಬಜಾಜ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ಪ್ರಕಟಿಸಿದ, ಇಂದಿಗೂ ಹೆಚ್ಚಾಗಿ ಉಲ್ಲೇಖಗೊಳ್ಳುವ ಅಧ್ಯಯನದಲ್ಲಿ, ಮುಂಭಾಗದಿಂದ ಶಸ್ತ್ರಚಿಕಿತ್ಸೆಯಾದವರಲ್ಲಿ ಒಂದು ತಿಂಗಳಿಗೆ ಸುಮಾರು ಅರ್ಧದಷ್ಟು ಮಂದಿಗೆ, ಎರಡು ತಿಂಗಳಿಗೆ ಸುಮಾರು ಮೂರನೆಯ ಒಂದು ಭಾಗಕ್ಕೆ, ಆರು ತಿಂಗಳಿಗೆ ಶೇಕಡಾ 18ರಷ್ಟು ಮಂದಿಗೆ, ವರ್ಷದ ಕೊನೆಗೆ ಶೇಕಡಾ 12ರಷ್ಟು ಮಂದಿಗೆ ಒಂದಿಲ್ಲೊಂದು ಪ್ರಮಾಣದ ನುಂಗುವ ತೊಂದರೆ ಉಳಿದಿತ್ತು. ತೊಂದರೆ ಉಳಿದವರಲ್ಲೂ ಹೆಚ್ಚಿನವರದು ಸೌಮ್ಯ ಸ್ವರೂಪದ್ದು. ಆದ್ದರಿಂದ ತಾನಾಗಿಯೇ ಸರಿಹೋಗುತ್ತದೆ ಎಂಬ ಮಾತಿಗೆ ಆಧಾರವಿದೆ. ಆದರೆ ಎಕ್ಸ್‌ರೇ ಸರಿಯಾಗಿದೆ ಎಂದರೆ ಪ್ಲೇಟ್, ಸ್ಕ್ರೂ, ಕೇಜ್‌ಗಳು ತಮ್ಮ ಜಾಗದಲ್ಲಿವೆ ಎಂದಷ್ಟೇ ಅರ್ಥ. ತುತ್ತು ಗಂಟಲಿನಿಂದ ಹೇಗೆ ಇಳಿಯುತ್ತಿದೆ, ನೀರು ಶ್ವಾಸನಾಳದ ಕಡೆಗೆ ಸರಿಯುತ್ತಿದೆಯೇ ಎಂಬುದನ್ನು ಆ ಚಿತ್ರ ತೋರಿಸುವುದಿಲ್ಲ. ನೀರಿಗೆ ಕೆಮ್ಮು ಬರುತ್ತಿದ್ದು ಧ್ವನಿಯೂ ಬದಲಾಗಿದ್ದರೆ, ಒಂದೂವರೆ ತಿಂಗಳ ಹಂತದಲ್ಲಿ ಇಎನ್‌ಟಿ ವೈದ್ಯರಿಂದ ಧ್ವನಿತಂತುಗಳ ಪರೀಕ್ಷೆಯನ್ನೂ ನುಂಗುವಿಕೆಯ ಪರೀಕ್ಷೆಯನ್ನೂ ಮಾಡಿಸುವುದು ಆತುರವಲ್ಲ, ಅಗತ್ಯ. ನಿಮ್ಮ ಶಸ್ತ್ರಚಿಕಿತ್ಸಕರನ್ನು ಈ ಎರಡಕ್ಕೂ ಪತ್ರ ಕೊಡುವಂತೆ ಕೇಳಿ. ಹಾಗೆ ಕೇಳುವುದು ಅವರ ಕೆಲಸವನ್ನು ಅನುಮಾನಿಸಿದಂತೆ ಆಗುವುದಿಲ್ಲ.

ಕೆಲವು ಲಕ್ಷಣಗಳಿಗೆ ಮಾತ್ರ ಒಂದು ದಿನವೂ ಕಾಯಬಾರದು. ಉಸಿರಾಡುವಾಗ ಶಬ್ದ ಬರುವುದು ಅಥವಾ ಉಸಿರಾಟವೇ ಕಷ್ಟವಾಗುವುದು, ಕತ್ತು ಊದಿಕೊಳ್ಳುವುದು, ಉಗುಳನ್ನೂ ನುಂಗಲಾಗದೆ ಹೊರಗೆ ಸುರಿಯುವುದು, ಜ್ವರದ ಜೊತೆಗೆ ನುಂಗುವಾಗ ತೀವ್ರ ನೋವು, ಕತ್ತಿನ ಚರ್ಮವನ್ನು ಮುಟ್ಟಿದರೆ ಒಳಗೆ ಗಾಳಿಯಿದ್ದಂತೆ ಚರಚರ ಎನ್ನುವುದು, ಗಾಯದಿಂದ ದ್ರವ ಒಸರುವುದು, ಇವುಗಳಲ್ಲಿ ಯಾವುದು ಕಂಡರೂ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಅನ್ನನಾಳಕ್ಕೆ ರಂಧ್ರವಾಗುವುದು ಅಪರೂಪ, ಆದರೆ ತಡವಾಗಿ ಪತ್ತೆಯಾದರೆ ಪ್ರಾಣಾಪಾಯವಿದೆ. ಒಮ್ಮೆ ಚೆನ್ನಾಗಿ ನುಂಗುತ್ತಿದ್ದವರಿಗೆ ತಿಂಗಳುಗಳ ನಂತರ ಹೊಸದಾಗಿ ತೊಂದರೆ ಶುರುವಾದರೂ ಕೂಡಲೇ ಬರಬೇಕು. ಸ್ಕ್ರೂ ಸಡಿಲಗೊಂಡು ಮುಂದಕ್ಕೆ ಬಂದಿರುವ ಸಾಧ್ಯತೆಯನ್ನು ಆಗ ನೋಡಬೇಕಾಗುತ್ತದೆ.

ಪ್ಲೇಟ್ ತೆಗೆಯುವ ಮಾತು ಈಗ ಬೇಡ. ಮೂಳೆಗಳು ಪೂರ್ತಿ ಬೆಸೆದುಕೊಂಡ ನಂತರವೂ ತೊಂದರೆ ಉಳಿದು, ಪ್ಲೇಟಿನ ಉಬ್ಬು ಅಥವಾ ಅದಕ್ಕೆ ಅನ್ನನಾಳ ಅಂಟಿಕೊಂಡಿರುವುದೇ ಕಾರಣ ಎಂದು ಪರೀಕ್ಷೆಯಲ್ಲಿ ಕಂಡರೆ ಮಾತ್ರ ಆ ಪ್ರಶ್ನೆ ಏಳುತ್ತದೆ. ಎಣ್ಣೆ ನೀವುವ ವಿಷಯದಲ್ಲಿ ನಿಮ್ಮ ಹಿಂಜರಿಕೆ ಸರಿಯಾದದ್ದು. ಮೂಳೆ ಬೆಸೆಯುತ್ತಿರುವ ಕತ್ತನ್ನು ಯಾರೂ ಒತ್ತಬಾರದು, ತಿರುಚಬಾರದು.

ಉತ್ತರ: ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕಿ, ಮೈಸೂರು

ವೈದ್ಯರು ಹೇಳಿದ ಪರೀಕ್ಷೆಗಳ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನುಂಗುವಾಗ ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಎದ್ದು, ಶ್ವಾಸನಾಳದ ಮೇಲಿನ ಮುಚ್ಚಳ ಮಡಚಿಕೊಂಡು, ಧ್ವನಿತಂತುಗಳು ಕೂಡಿಕೊಂಡು, ಅನ್ನನಾಳದ ಬಾಯಿ ತೆರೆದುಕೊಳ್ಳಬೇಕು. ಗಂಟಲಿನಲ್ಲಿ ನಡೆಯುವ ಈ ಎಲ್ಲ ಕೆಲಸ ಹೆಚ್ಚುಕಡಿಮೆ ಒಂದು ಸೆಕೆಂಡಿನಲ್ಲಿ ಮುಗಿಯುತ್ತದೆ. ಗಂಟಲಿನ ಹಿಂಗೋಡೆ ಊದಿಕೊಂಡಿದ್ದರೆ ಮುಚ್ಚಳ ಪೂರ್ತಿ ಮಡಚಲು ಜಾಗವಿರುವುದಿಲ್ಲ, ಆಹಾರದ ಸ್ವಲ್ಪ ಭಾಗ ಅಲ್ಲೇ ಉಳಿಯುತ್ತದೆ. ಒಂದು ಧ್ವನಿತಂತು ದುರ್ಬಲವಾಗಿದ್ದರೆ ಬಾಗಿಲು ಸರಿಯಾಗಿ ಮುಚ್ಚದೆ, ವೇಗವಾಗಿ ಹರಿಯುವ ನೀರು ಮೊದಲು ಒಳಗೆ ನುಗ್ಗುತ್ತದೆ. ಆದ್ದರಿಂದ ಗಟ್ಟಿ ಆಹಾರ ನಿಲ್ಲುವುದು ಒಂದು ಸುಳಿವು, ನೀರು ನೆತ್ತಿಗೆ ಹತ್ತುವುದು ಇನ್ನೊಂದು ಸುಳಿವು. ನಿಮ್ಮ ತಂದೆಯವರಲ್ಲಿ ಎರಡೂ ಇರುವಂತೆ ಕಾಣುತ್ತದೆ.

ಪರೀಕ್ಷೆಯಲ್ಲಿ ಎರಡು ಬಗೆ. ಒಂದರಲ್ಲಿ ಬೇರಿಯಂ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ಪುಡಿ) ಬೆರೆಸಿದ ನೀರು, ಮೆತ್ತನೆಯ ಆಹಾರ, ಗಟ್ಟಿ ಆಹಾರಗಳನ್ನು ನುಂಗಿಸುತ್ತಾ ಚಲಿಸುವ ಎಕ್ಸ್‌ರೇ ಚಿತ್ರ ತೆಗೆಯುತ್ತಾರೆ. ಇನ್ನೊಂದರಲ್ಲಿ ಮೂಗಿನ ಮೂಲಕ ತೆಳುವಾದ ಎಂಡೋಸ್ಕೋಪ್ ಇಳಿಸಿ, ನುಂಗುವ ಮೊದಲು ಮತ್ತು ನಂತರ ಗಂಟಲಿನಲ್ಲಿ ಏನು ಉಳಿದಿದೆ, ಧ್ವನಿತಂತುಗಳು ಹೇಗೆ ಚಲಿಸುತ್ತಿವೆ ಎಂದು ನೇರವಾಗಿ ನೋಡುತ್ತಾರೆ. ಕತ್ತಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಮೊದಲನೆಯದಕ್ಕೆ ವಿಶೇಷ ಬೆಲೆಯಿದೆ, ಏಕೆಂದರೆ ಪ್ಲೇಟ್ ಇರುವ ಜಾಗದಲ್ಲಿ ತುತ್ತು ಹೇಗೆ ಹಾದುಹೋಗುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. ಎಲ್ಲರಿಗೂ ಕೆಮ್ಮು ಬಂದೇ ಗೊತ್ತಾಗುವುದಿಲ್ಲ, ಸಂವೇದನೆ ಕುಗ್ಗಿದ್ದರೆ ಆಹಾರ ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯಬಹುದು ಎಂಬುದೂ ಈ ಪರೀಕ್ಷೆಗಳನ್ನು ಒತ್ತಾಯಿಸಲು ಕಾರಣ. ಹಾಸನದಿಂದ ನಿಮಗೆ ಮೈಸೂರು ದೂರವಲ್ಲ. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಗಳನ್ನು ನೋಡುವ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಾಕ್ ಚಿಕಿತ್ಸಾ ವಿಭಾಗವಿದೆ.

ಈಗ ಊಟದ ವಿಚಾರ. ಆಸ್ಪತ್ರೆಗಳಲ್ಲಿ ಕೊಡುವ ಪಟ್ಟಿಗಳಲ್ಲಿ ಬ್ರೆಡ್ಡು, ಸೂಪು ಬರೆದಿರುತ್ತದೆ, ನಮ್ಮ ಕಡೆಯ ಅಡುಗೆಯ ಮಾತು ಇರುವುದಿಲ್ಲ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ಇಡಿಯಾಗಿ ನುಂಗುತ್ತೇವೆ. ಅಂಟುವ, ತೂಕದ ತುತ್ತನ್ನು ಹಾಗೆ ಇಳಿಸಲು ಗಂಟಲಿನ ಸ್ನಾಯುಗಳಿಗೆ ಪೂರ್ಣ ಬಲವೂ ಅನ್ನನಾಳದ ಬಾಯಿಗೆ ಪೂರ್ಣ ತೆರವೂ ಬೇಕು. ಆದ್ದರಿಂದ ಪರೀಕ್ಷೆಯಾಗುವವರೆಗೆ ಮುದ್ದೆಯನ್ನು ನಿಲ್ಲಿಸಿ. ರಾಗಿಯನ್ನೇ ನಿಲ್ಲಿಸಬೇಕಾಗಿಲ್ಲ. ಗಂಟಿಲ್ಲದಂತೆ ಕಾಯಿಸಿದ ರಾಗಿ ಅಂಬಲಿ ಅಥವಾ ಮಣ್ಣಿ ಬಹಳ ಒಳ್ಳೆಯದು. ಸಾಂಬಾರಿನಲ್ಲಿ ನೆನೆಸಿ ಮಸೆದ ಇಡ್ಲಿ, ತುಪ್ಪ ಹಾಕಿ ಕಲಸಿದ ಬೇಳೆ ಅನ್ನ, ಮಸೆದ ಬಾಳೆಹಣ್ಣು, ಗಟ್ಟಿ ಮೊಸರು ಹೋಗಬಹುದು. ಒಣಗಿದ ಉಪ್ಪಿಟ್ಟು, ಮಂಡಕ್ಕಿ, ಚಪಾತಿ ಬೇಡ. ತಿಳಿಸಾರಿನಲ್ಲಿ ಅಗುಳು ತೇಲುವ ಹಾಗೆ ಕಲಸಿದ ಅನ್ನ ಮೆತ್ತಗಿದೆಯಲ್ಲ ಎಂದು ಕೊಡಬೇಡಿ. ಬಾಯಲ್ಲಿ ಸಾರು ಮೊದಲು ಜಾರಿ ಅಗುಳು ಹಿಂದೆ ಉಳಿಯುವುದರಿಂದ ಈ ಬೆರಕೆಯೇ ಅನೇಕರಿಗೆ ಅತಿ ಕಷ್ಟದ್ದು.

ನೀರು ಕುಡಿಯುವ ರೀತಿಯನ್ನು ಇಂದಿನಿಂದಲೇ ಬದಲಿಸಿ. ನಮ್ಮಲ್ಲಿ ಲೋಟವನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಚೆಲ್ಲಿ, ಮೇಲಿನಿಂದ ಸುರಿದುಕೊಳ್ಳುವುದು ರೂಢಿ. ತಲೆ ಹಿಂದಕ್ಕೆ ಹೋದಾಗ ಶ್ವಾಸನಾಳದ ದಾರಿ ಹೆಚ್ಚು ತೆರೆದುಕೊಳ್ಳುತ್ತದೆ, ನೀರೂ ತಡೆಯಿಲ್ಲದೆ ಬೀಳುತ್ತದೆ. ಹೊಸದಾಗಿ ಶಸ್ತ್ರಚಿಕಿತ್ಸೆಯಾದ ಕತ್ತಿಗೂ ಆ ಭಂಗಿ ಒಳ್ಳೆಯದಲ್ಲ. ನೇರವಾಗಿ ಕುರ್ಚಿಯಲ್ಲಿ ಕುಳಿತು, ಲೋಟವನ್ನು ಕಚ್ಚಿಕೊಂಡು, ಒಂದು ಚಮಚದಷ್ಟು ಗುಟುಕನ್ನು ಬಾಯಲ್ಲಿ ಹಿಡಿದು ನಂತರ ನುಂಗಲಿ. ಅವರಿಗೆಂದೇ ಒಂದು ಲೋಟ ಬೇರೆ ಇಟ್ಟರೆ ಸಂಕೋಚವಿರುವುದಿಲ್ಲ. ಊಟದ ನಂತರ ಅರ್ಧ ಗಂಟೆ ಮಲಗಬಾರದು. ಬಾಯಿಯನ್ನು ಎರಡು ಹೊತ್ತು ಚೆನ್ನಾಗಿ ತೊಳೆದು ಹಲ್ಲುಜ್ಜುವುದೂ ಚಿಕಿತ್ಸೆಯ ಭಾಗವೇ, ಏಕೆಂದರೆ ಶ್ವಾಸಕೋಶಕ್ಕೆ ಸೋಂಕು ತರುವುದು ಆಹಾರದ ಜೊತೆ ಇಳಿಯುವ ಬಾಯಿಯ ರೋಗಾಣುಗಳು.

ಮಾತ್ರೆಗಳನ್ನು ಒಂದೊಂದಾಗಿ, ಒಂದು ಚಮಚ ಗಟ್ಟಿ ಮೊಸರು ಅಥವಾ ಮಸೆದ ಬಾಳೆಹಣ್ಣಿನ ನಡುವೆ ಇಟ್ಟು ಕೊಡಬಹುದು. ಪುಡಿ ಮಾಡುವ ಮೊದಲು ಔಷಧದಂಗಡಿಯವರನ್ನೋ ವೈದ್ಯರನ್ನೋ ಕೇಳಲೇಬೇಕು. ನಿಧಾನವಾಗಿ ಔಷಧ ಬಿಡುವ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಪ್ರಮಾಣ ಒಮ್ಮೆಗೇ ದೇಹಕ್ಕೆ ಸೇರುತ್ತದೆ.

ಇನ್ನೊಂದು ಎಚ್ಚರಿಕೆ. ಅಂತರ್ಜಾಲದ ವಿಡಿಯೊಗಳಲ್ಲಿ ನುಂಗುವುದಕ್ಕೆಂದು ಅಂಗಾತ ಮಲಗಿ ತಲೆಯನ್ನಷ್ಟೇ ಎತ್ತಿ ಹಿಡಿಯುವ ವ್ಯಾಯಾಮವನ್ನು ತೋರಿಸುತ್ತಾರೆ. ಪಾರ್ಶ್ವವಾಯು ಮೊದಲಾದ ಸಂದರ್ಭಗಳಲ್ಲಿ ಅದು ಉಪಯುಕ್ತ, ಆದರೆ ಕತ್ತಿನ ಮೂಳೆ ಬೆಸೆಯುತ್ತಿರುವವರು ಅದನ್ನು ಮಾಡಲೇಬಾರದು. ಗದ್ದವನ್ನು ಎದೆಗೆ ತಾಗಿಸಿ ನುಂಗುವ ಉಪಾಯವೂ ಹಾಗೆಯೇ, ಪರೀಕ್ಷೆಯಲ್ಲಿ ಅದರಿಂದ ಅನುಕೂಲವೆಂದು ಕಂಡು ಶಸ್ತ್ರಚಿಕಿತ್ಸಕರು ಒಪ್ಪಿದರೆ ಮಾತ್ರ.

ಎರಡು ವಿಷಯಗಳನ್ನು ತಿಳಿಸಿ: ಕುಡಿದ ನಂತರ ಮಾತನಾಡಿದರೆ ಧ್ವನಿ ಗೊರಗೊರ ಎಂದು ಒದ್ದೆಯಾಗಿ ಕೇಳುತ್ತದೆಯೇ? ತೂಕ ಎಷ್ಟು ಇಳಿದಿದೆ? ತಿಂಗಳಲ್ಲಿ ದೇಹತೂಕದ ಶೇಕಡಾ 5ಕ್ಕಿಂತ ಹೆಚ್ಚು ಇಳಿದಿದ್ದರೆ ಆಹಾರತಜ್ಞರನ್ನೂ ಕಾಣಬೇಕು.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನಾನು ಋಣಿ. ನೀರು ಕುಡಿದ ಮೇಲೆ ಧ್ವನಿ ನೀವು ಹೇಳಿದಂತೆಯೇ ಒದ್ದೆಯಾಗುತ್ತಿತ್ತು. ತೂಕ 61 ಕಿಲೋದಿಂದ 57ಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸಕರು ಯಾವ ಬೇಸರವೂ ಇಲ್ಲದೆ ಪತ್ರ ಬರೆದುಕೊಟ್ಟರು, ಎರಡು ಪರೀಕ್ಷೆಗಳೂ ಆದವು. ಬಲ ಧ್ವನಿತಂತು ಬಹಳ ನಿಧಾನವಾಗಿ ಚಲಿಸುತ್ತಿದೆ, ಗಂಟಲಿನ ಹಿಂಗೋಡೆಯಲ್ಲಿ ಇನ್ನೂ ಊತವಿದೆ, ಗಟ್ಟಿ ಆಹಾರದ ಸ್ವಲ್ಪ ಭಾಗ ಪ್ಲೇಟಿನ ಮೇಲ್ತುದಿಯ ಬಳಿ ನಿಂತು ಎರಡನೆಯ ಬಾರಿ ನುಂಗಿದಾಗ ಇಳಿಯುತ್ತದೆ, ನೀರು ಶ್ವಾಸನಾಳದ ಬಾಗಿಲವರೆಗೆ ಹೋಗಿ ಕೆಮ್ಮಿನಿಂದ ಹೊರಬರುತ್ತದೆ ಎಂದು ವರದಿಯಲ್ಲಿದೆ. ತಲೆಯನ್ನು ಬಲಕ್ಕೆ ತಿರುಗಿಸಿ ನುಂಗಿದಾಗ ನೀರು ಸರಿಯಾಗಿ ಹೋಯಿತಂತೆ. ಮನೆಯಲ್ಲೂ ಹಾಗೆಯೇ ಮಾಡಿ, ದ್ರವಗಳನ್ನು ಸ್ವಲ್ಪ ಮಂದಗೊಳಿಸಿ ಕೊಡಿ ಎಂದಿದ್ದಾರೆ. ಬೆಸೆದ ಕತ್ತನ್ನು ದಿನಕ್ಕೆ ಅಷ್ಟು ಬಾರಿ ತಿರುಗಿಸಬಹುದೇ? ಮಂದ ಎಂದರೆ ಎಷ್ಟು ಮಂದ ಎಂದು ಅಡುಗೆಮನೆಯಲ್ಲಿ ಹೇಗೆ ತಿಳಿಯುವುದು?

ಉತ್ತರ: ನರಶಸ್ತ್ರಚಿಕಿತ್ಸಾ ವಿಭಾಗದ ವೈದ್ಯರು, ಬೆಂಗಳೂರು

ಕತ್ತಿನ ತಿರುಗುವಿಕೆಯ ಅರ್ಧದಷ್ಟು ನಡೆಯುವುದು ಮೇಲಿನ ಎರಡು ಕಶೇರುಗಳಾದ ಸಿ-1 ಮತ್ತು ಸಿ-2ರ ನಡುವೆ. ನಿಮ್ಮ ತಂದೆಯವರಲ್ಲಿ ಬೆಸೆದಿರುವುದು ಅದಕ್ಕಿಂತ ಬಹಳ ಕೆಳಗೆ. ಆದ್ದರಿಂದ ನೋವಿಲ್ಲದಷ್ಟು, ತಾವಾಗಿಯೇ, ಮೆಲ್ಲಗೆ ತಿರುಗಿಸುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಆದರೂ ಕಾಲರ್ (ಕತ್ತಿಗೆ ಆಸರೆಯ ಪಟ್ಟಿ) ಇನ್ನೂ ಹಾಕಿಕೊಳ್ಳುತ್ತಿದ್ದರೆ, ಊಟದ ಹೊತ್ತಿಗೆ ಅದನ್ನು ತೆಗೆಯಬಹುದೇ ಎಂದು ನಿಮ್ಮ ಶಸ್ತ್ರಚಿಕಿತ್ಸಕರಿಂದಲೇ ಸ್ಪಷ್ಟ ಅನುಮತಿ ಪಡೆಯಿರಿ. ಬೇರೆ ಯಾರೂ ಅವರ ತಲೆಯನ್ನು ಹಿಡಿದು ತಿರುಗಿಸಬಾರದು.

ಉತ್ತರ: ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕಿ, ಮೈಸೂರು

ಬಲಕ್ಕೆ ತಿರುಗಿಸಿದಾಗ ದುರ್ಬಲವಾದ ಬಲಬದಿಯ ದಾರಿ ಕಿರಿದಾಗಿ, ನೀರು ಬಲವಿರುವ ಎಡಬದಿಯಿಂದ ಇಳಿಯುತ್ತದೆ, ಅದೇ ಇದರ ಗುಟ್ಟು.

ಮಂದದ ಅಳತೆಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ಸರಳ ವಿಧಾನವಿದೆ. ಸೂಜಿಯಿಲ್ಲದ 10 ಮಿಲಿಲೀಟರ್ ಸಿರಿಂಜ್ ತೆಗೆದುಕೊಂಡು, ಒಳಗಿನ ದಂಡವನ್ನು ತೆಗೆದು, ತುದಿಯನ್ನು ಬೆರಳಿನಿಂದ ಮುಚ್ಚಿ, 10ರ ಗೆರೆಯವರೆಗೆ ದ್ರವ ತುಂಬಿ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡು ಹರಿಯಲು ಬಿಟ್ಟು ಮತ್ತೆ ಮುಚ್ಚಿ. ಒಳಗೆ 1ರಿಂದ 4 ಮಿಲಿಲೀಟರ್ ಉಳಿದರೆ ಅದು ಒಂದನೆಯ ಮಟ್ಟ, 4ರಿಂದ 8 ಉಳಿದರೆ ಎರಡನೆಯ ಮಟ್ಟ, 8ಕ್ಕಿಂತ ಹೆಚ್ಚು ಉಳಿದು ಇನ್ನೂ ನಿಧಾನವಾಗಿ ಹರಿಯುತ್ತಿದ್ದರೆ ಮೂರನೆಯ ಮಟ್ಟ. ವರದಿಯಲ್ಲಿ ಯಾವ ಮಟ್ಟ ಬರೆದಿದ್ದಾರೋ ಅದಕ್ಕೆ ಅಂಬಲಿಯನ್ನೂ ಮಜ್ಜಿಗೆಯನ್ನೂ ಹೊಂದಿಸಿ. ಅಂಬಲಿ ಆರಿದಂತೆ ಗಟ್ಟಿಯಾಗುವುದರಿಂದ ಕೊಡುವ ಹೊತ್ತಿನ ಬಿಸಿಯಲ್ಲೇ ಅಳೆಯಬೇಕು. ಮಂದವಾದದ್ದನ್ನು ಕುಡಿಯಲು ಬೇಸರವಾಗಿ ಅನೇಕರು ದ್ರವವನ್ನೇ ಕಡಿಮೆ ಮಾಡಿಬಿಡುತ್ತಾರೆ. ಆದ್ದರಿಂದ ಮೂತ್ರ ಗಾಢ ಹಳದಿಯಾಗಿದೆಯೇ ಎಂದು ಗಮನಿಸುತ್ತಿರಿ.

ತೂಕ ಇಳಿದಿರುವುದು ನಾನು ಹೇಳಿದ ಮಿತಿಯನ್ನು ದಾಟಿದೆ. ಅಂಬಲಿಗೆ ಹಾಲು, ಅನ್ನಕ್ಕೆ ತುಪ್ಪ ಮತ್ತು ಗಟ್ಟಿ ಬೇಳೆ ಸೇರಿಸಿ, ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ. ಎಳೆತಕ್ಕೆ ಸಿಕ್ಕ ನರ ಹೆಚ್ಚಿನವರಲ್ಲಿ ತಿಂಗಳುಗಳಲ್ಲಿ ಚೇತರಿಸಿಕೊಳ್ಳುತ್ತದೆ. ಆರೆಂಟು ವಾರಗಳ ನಂತರ ಮರುಪರೀಕ್ಷೆಗೆ ದಿನ ಕೇಳಿ. ಆಗಲೂ ಧ್ವನಿತಂತು ಹೀಗೆಯೇ ಇದ್ದು ಕೆಮ್ಮು ನಿಲ್ಲದಿದ್ದರೆ, ನರ ಚೇತರಿಸಿಕೊಳ್ಳುವವರೆಗೆ ತಂತುವನ್ನು ಮಧ್ಯಕ್ಕೆ ತಳ್ಳಿ ಹಿಡಿಯುವ ತಾತ್ಕಾಲಿಕ ಚುಚ್ಚುಮದ್ದನ್ನು ಇಎನ್‌ಟಿ ವೈದ್ಯರು ಕೊಡಬಲ್ಲರು. ಅದನ್ನು ಆ ಭೇಟಿಯಲ್ಲಿ ನೀವಾಗಿಯೇ ಕೇಳಿ.